ಜಾಗಪ್ಪ ಹೆಂಡತಿಗೆ ಕೊಟ್ಟ ಜಾಗ

ಗಂಡನಾದವನು ತನ್ನ ಸ್ವಂತ ಹೆಂಡತಿಯ ಜೊತೆ ಯಾರ ಕಿವಿಗೂ ಬೀಳದಂತೆ ಒಂದು ಮಾತಾಡಬೇಕೆಂದರೆ ಎಲ್ಲಿಗೆ ಹೋಗಬೇಕು? ಈ ಪ್ರಶ್ನೆಯನ್ನು ನಮ್ಮ ಜಾಗಪ್ಪ ತಿಂಗಳುಗಟ್ಟಲೆ ತಲೆಯಲ್ಲಿ ಹೊತ್ತು ತಿರುಗಿ, ಉತ್ತರ ಸಿಗದೆ, ಕೊನೆಗೆ ಮನೆಗೊಂದು ಸರ್ವರ್ ತಂದು ಕೂರಿಸಿದ. ನಗಬೇಡಿ. ಅವನ ಕಷ್ಟ ಪೂರ್ತಿ ಕೇಳಿ, ಆಮೇಲೆ ಬೇಕಾದರೆ ನಗಿ.

ಜಾಗಪ್ಪ ಅನ್ನುವುದು ತಂದೆತಾಯಿ ಇಟ್ಟ ಹೆಸರಲ್ಲ. ದೊಡ್ಡದೊಂದು ಕಚೇರಿಯಲ್ಲಿ ಸರ್ವರ್ ನೋಡಿಕೊಳ್ಳುವುದು ಅವನ ಕೆಲಸ. ಯಾವ ವಿಭಾಗದ ಕಡತಗಳಿಗೆ ಎಷ್ಟು ಜಾಗ, ಯಾರು ಯಾರ ಫೋಲ್ಡರಿಗೆ ಇಣುಕಬಹುದು, ಯಾರು ಇಣುಕಿದರೆ ಬಾಗಿಲು ಮುಖಕ್ಕೆ ಬಡಿಯಬೇಕು, ಎಲ್ಲ ಅವನ ಕೈಯಲ್ಲಿ. 'ಸ್ವಲ್ಪ ಜಾಗ ಕೊಡಪ್ಪ' ಎಂದು ಮ್ಯಾನೇಜರರಿಂದ ಹಿಡಿದು ಟೈಪಿಸ್ಟಿನವರೆಗೆ ಎಲ್ಲರೂ ಅವನ ಮೇಜಿನ ಮುಂದೆ ಹಲ್ಲುಗಿಂಜಿ ನಿಂತು ನಿಂತು, ಅಸಲು ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದು, ಮಿಕ್ಕೆಲ್ಲ ಕಡೆ ಜಾಗಪ್ಪನಾದ. ಊರವರಿಗೆಲ್ಲ ಜಾಗ ಹಂಚುವ ಈ ಮಹಾನುಭಾವನಿಗೆ ಸ್ವಂತ ಮನೆಯಲ್ಲಿ ಎರಡು ಮಾತಾಡಲು ಮೊಳ ಜಾಗವಿರಲಿಲ್ಲ.

ಮನೆ ಎಂದರೆ ಒಂದು ಹಾಲ್, ಒಂದು ಕೋಣೆ, ಒಂದು ಅಡುಗೆಮನೆ. ಹಾಲಿನ ಕಿಟಕಿಯ ಬಳಿ ಅವನ ತಾಯಿಯ ಮೋಟಾರು ಹೊಲಿಗೆ ಯಂತ್ರ. ಅಕ್ಕಪಕ್ಕದ ಮನೆಗಳ ಪರದೆ, ದಿಂಬಿನ ಗವಸು, ಶಾಲೆಯ ಸಮವಸ್ತ್ರ ಎಲ್ಲ ಅಲ್ಲೇ ತಯಾರಾಗುವುದು. ಕೋಣೆಯಲ್ಲಿ ಕಾಲೇಜಿಗೆ ಹೋಗುವ ಮಗಳು, ಅವಳ ಬಣ್ಣದ ಡಬ್ಬಿಗಳು, ಅವಳ ಸಿಟ್ಟು. ಹೆಂಡತಿಯೋ, ಊರಲ್ಲೇ ಇಲ್ಲ. ಅವಳು ಬಟ್ಟೆ ಗಿರಣಿಯಲ್ಲಿ ಬಣ್ಣ ಪರೀಕ್ಷಿಸುವವಳು. ಬಟ್ಟೆಯ ತುಂಡೊಂದನ್ನು ಬೆಳಕಿಗೆ ಹಿಡಿದು 'ಇದು ನಿನ್ನೆಯ ನೀಲಿ ಅಲ್ಲ' ಎಂದರೆ ಮುಗಿಯಿತು, ಇಡೀ ಕೊಪ್ಪರಿಗೆ ಬಣ್ಣ ಚೆಲ್ಲಬೇಕು. ಗಿರಣಿಯವರು ದೂರದ ಊರಲ್ಲಿ ಹೊಸ ಶಾಖೆ ತೆರೆದು, ಅಲ್ಲಿನವರಿಗೆ ಕಣ್ಣು ಪಳಗಿಸಿ ಬಾ ಎಂದು ಒಂದು ವರ್ಷಕ್ಕೆ ಅವಳನ್ನು ಕಳಿಸಿದರು.

ಹೊರಟ ದಿನ ಅವಳು ಚೀಲ ಹೆಗಲಿಗೇರಿಸಿ ಬಾಗಿಲಲ್ಲಿ ನಿಂತು ಗಂಡನ ಮುಖ ನೋಡಿದಳು. ಏನೋ ಹೇಳುತ್ತಾನೆ ಎಂದು ಕಾದಳು. ಜಾಗಪ್ಪನ ಎದೆಯಲ್ಲಿ ಹೇಳಬೇಕಾದ್ದು ಒಂದು ಮೂಟೆಯಿತ್ತು. ಬಾಯಿಂದ ಹೊರಬಿದ್ದದ್ದು ಮಾತ್ರ, "ಚಾರ್ಜರ್ ತಗೊಂಡ್ಯಾ?"

"ತಗೊಂಡೆ" ಎಂದು ಅವಳು ಮೆಟ್ಟಿಲಿಳಿದಳು.

ಆ 'ತಗೊಂಡೆ' ಅವನನ್ನು ಅಲ್ಲಿಂದ ಮುಂದೆ ಬಿಡಲೇ ಇಲ್ಲ. ಬೆಳಗ್ಗೆ ಹಲ್ಲುಜ್ಜುವಾಗ ಕೇಳುತ್ತಿತ್ತು, ಬಸ್ಸಿನಲ್ಲಿ ಕಂಬ ಹಿಡಿದು ನಿಂತಾಗ ಕೇಳುತ್ತಿತ್ತು. ಅವಳಿದ್ದಾಗ ಬೆಳಗಾದರೆ 'ರೀ, ಟವೆಲ್ ಮಂಚದ ಮೇಲೆ ಹಾಕ್ಬೇಡಿ' ಎಂಬ ಸುಪ್ರಭಾತ. ಈಗ ಬೇಕೆಂದೇ ಒದ್ದೆ ಟವೆಲನ್ನು ಮಂಚದ ಮೇಲೆ ಹರಡುತ್ತಾನೆ, ಯಾರೂ ಬಯ್ಯುವುದಿಲ್ಲ. ಸಂಜೆ ಹೊತ್ತಿಗೆ ಅವನೇ ಎತ್ತಿ ಒಣಗಿಹಾಕುತ್ತಾನೆ.

ಫೋನ್ ಇಲ್ಲವೇ ಎಂದು ನೀವು ಕೇಳಬಹುದು. ಇತ್ತು, ಅದೇ ತೊಂದರೆ. ಅವಳು ಪ್ರತಿ ಸಂಜೆ ಫೋನ್ ಮಾಡುವುದು, ಇವರು ಅದನ್ನು ಹಾಲಿನ ಮಧ್ಯೆ ಸ್ಪೀಕರಿನಲ್ಲಿಡುವುದು, ಮೂವರೂ ಸುತ್ತ ಕೂರುವುದು ಮನೆಯ ಕಾನೂನಾಗಿತ್ತು. 'ಸೊಸೆ ದನಿ ನನಗೂ ಕೇಳ್ಬೇಡ್ವೇ' ಎಂದು ಅಮ್ಮ, 'ನನ್ನಮ್ಮ ಅವಳು' ಎಂದು ಮಗಳು. ಅತ್ತೆ ದಾರದ ಬಣ್ಣ ವಿಚಾರಿಸಿ, ಮಗಳು ಕಾಲೇಜಿನ ಜಗಳ ಒಪ್ಪಿಸಿ, ಕೊನೆಗೆ ಜಾಗಪ್ಪನ ಸರದಿ ಬರುವಾಗ ನಾಲ್ಕು ಕಣ್ಣು ಅವನ ಮೇಲೆ. 'ನೀನಿಲ್ಲದೆ ನನಗೆ ಆಗುತ್ತಿಲ್ಲ' ಎಂದು ಹೇಳಲು ಗಂಟಲು ಸರಿಮಾಡಿಕೊಂಡು ಅವನು ಹೇಳುವುದು, "ಗ್ಯಾಸ್ ಖಾಲಿಯಾಗಿತ್ತು. ಬಂತು." ಫೋನ್ ಹಿಡಿದು ಮೆಟ್ಟಿಲಿಗೆ ಹೋದರೆ ಮಹಡಿಯ ಮನೆಯ ನಿವೃತ್ತ ಮೇಷ್ಟ್ರು ಚಪ್ಪಲಿ ಹುಡುಕುವ ನೆಪದಲ್ಲಿ ಅಲ್ಲೇ ಸುಳಿದಾಡುತ್ತಿದ್ದರು. (ಆ ಮೇಷ್ಟ್ರ ಚಪ್ಪಲಿ ಕಳೆದುಹೋದದ್ದನ್ನು ಕಂಡವರಿಲ್ಲ.)

ಹೀಗಿರುವಾಗ ಕಚೇರಿಯವರು ಹಳೆಯ ಸರ್ವರ್ ಒಂದನ್ನು ಮೂಲೆಗೆ ಹಾಕಿದರು. ಜಾಗಪ್ಪನ ತಲೆಯಲ್ಲಿ ಮಿಂಚು ಹೊಡೆಯಿತು. ಅಪ್ಪಣೆ ಪಡೆದು, ಆಟೋದಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ಮನೆಗೆ ತಂದ. ಗಾಳಿ ಬರುವ ಜಾಗ, ಹತ್ತಿರ ಪ್ಲಗ್ ಇರುವ ಜಾಗ ಎಂದರೆ ಇಡೀ ಮನೆಯಲ್ಲಿ ಒಂದೇ, ಹಾಲಿನ ಕಿಟಕಿಯ ಕೆಳಗೆ. ಅಮ್ಮನ ಯಂತ್ರದ ಪಕ್ಕದಲ್ಲಿ ಅದು ಗುಂಯ್ ಎನ್ನತೊಡಗಿತು.

ರಜೆಯ ದಿನ ಬೆಳಗ್ಗೆ ಮನೆಯವರನ್ನು ಕೂರಿಸಿ ಜಾಗಪ್ಪ ಉದ್ಘಾಟನಾ ಭಾಷಣ ಮಾಡಿದ. ಇದರೊಳಗಿನ ಡಿಸ್ಕುಗಳನ್ನು ಪಾಲು ಮಾಡಿದ್ದೇನೆ, ಒಂದೊಂದು ಪಾಲಿಗೆ ವಾಲ್ಯೂಮ್ ಎನ್ನುತ್ತಾರೆ. ಒಬ್ಬೊಬ್ಬರಿಗೂ ಒಂದೊಂದು ಪಾಲು, ಅದರಲ್ಲಿ ಅವರವರ ಹೋಮ್ ಡೈರೆಕ್ಟರಿ, ಅಂದರೆ ಕಡತಗಳಿಡುವ ಮನೆ. ಯಾವ ಊರಲ್ಲಿ ಯಾವ ಫೋನಿನಿಂದ ಬಂದರೂ ಅವರವರ ಸಾಮಾನು ಅವರವರಿಗೆ ಇಟ್ಟಲ್ಲೇ ಸಿಗುತ್ತದೆ. ಒಬ್ಬರ ಮನೆಗೆ ಇನ್ನೊಬ್ಬರು ಕಾಲಿಡುವಂತಿಲ್ಲ, ಇತ್ಯಾದಿ.

"ನನಗೆ ಬೇಡಪ್ಪ" ಎಂದರು ಅಮ್ಮ. "ಇರೋ ಮನೆ ಗುಡಿಸೋಕೇ ನನ್ನ ಸೊಂಟ ಬಿದ್ದುಹೋಗ್ತಿದೆ. ಇನ್ನೊಂದು ಯಾಕೆ?"

"ಇದನ್ನ ಗುಡಿಸೋದು ಬೇಡಮ್ಮ."

"ಗುಡಿಸದೆ ಇರೋ ಮನೆ ಎಂಥಾ ಮನೆಯೋ? ಅದಿರ್ಲಿ, ಇದು ದಿನವಿಡೀ ಹೀಗೇ ಗೊರಕೆ ಹೊಡೀತಿರತ್ತಾ?"

ಮಗಳಿಗೆ ಬೇರೆ ಚಿಂತೆ. ಪರದೆಯ ಮೇಲೆ ಬಗ್ಗಿ ನೋಡಿ, "ಅಪ್ಪಾ, ಅಮ್ಮಂಗೆ ಮಾತ್ರ ಯಾಕೆ ಇಷ್ಟು ದೊಡ್ಡ ಪಾಲು? ಅದೂ ಹೊಸಾ ಡಿಸ್ಕಲ್ಲಿ?" ಎಂದಳು.

"ಅಮ್ಮ ದೂರದಲ್ಲಿದ್ದಾಳಲ್ಲ."

"ದೂರದಲ್ಲಿರೋರಿಗೆ ಜಾಸ್ತಿ ಜಾಗ ಬೇಕಾ?"

"ಬೇಕು" ಎಂದ ಜಾಗಪ್ಪ. ಇದಕ್ಕೆ ಯಾವ ಕೈಪಿಡಿಯಲ್ಲೂ ಆಧಾರವಿಲ್ಲ, ಆದರೆ ಅವನು ಹೇಳಿದ್ದು ಸುಳ್ಳಲ್ಲ.

ಹೆಂಡತಿಯ ಪಾಲಿಗೆ ಅವನೊಂದು ಬೀಗವನ್ನೂ ಹಾಕಿದ್ದ. ಇಲ್ಲಿ ತಂತ್ರಜ್ಞಾನದ ವಿಷಯ ಒಂದೇ ಒಂದು ಹೇಳುತ್ತೇನೆ, ಸಹಿಸಿಕೊಳ್ಳಿ. ಗೋಡೆಯಲ್ಲೊಂದು ಗೂಡಿದೆ ಎಂದುಕೊಳ್ಳಿ. ಆ ಗೂಡಿಗೆ ಸರಿಯಾಗಿ ಕೂರುವ ಒಂದು ಬೀಗದ ಪೆಟ್ಟಿಗೆಯನ್ನು ತಂದು ಒಳಗೆ ತಳ್ಳಿದರೆ, ಆಮೇಲೆ ನೀವು ಇಟ್ಟದ್ದೆಲ್ಲ ಪೆಟ್ಟಿಗೆಯೊಳಗೆ. ಹಿಂದಿನ ಗೂಡು ಕಣ್ಣಿಗೆ ಕಾಣದು. ಹೆಂಡತಿಯ ಡೈರೆಕ್ಟರಿ ಆ ಗೂಡು, ಹೊಸ ಡಿಸ್ಕು ಆ ಪೆಟ್ಟಿಗೆ. ಯಂತ್ರ ಒಮ್ಮೆ ಆರಿ ಹತ್ತಿದರೆ ಮಿಕ್ಕವರ ಪಾಲುಗಳೆಲ್ಲ ತಾವಾಗಿಯೇ ಬಂದು ಕೂರುತ್ತವೆ. ಇವಳದು ಮಾತ್ರ ಜಾಗಪ್ಪ ಬಂದು ಪಾಸ್‌ವರ್ಡ್ ಒತ್ತುವವರೆಗೆ ಹೊರಗೇ ಉಳಿಯುತ್ತದೆ. ಅಷ್ಟು ಹೊತ್ತೂ ಗೂಡು ಬಾಯಿ ತೆರೆದುಕೊಂಡಿರುತ್ತದೆ. ಬುದ್ಧಿವಂತರು ಆ ಗೂಡಿಗೆ ಅಡ್ಡಹಲಗೆ ಹೊಡೆದು, ಪೆಟ್ಟಿಗೆ ಇಲ್ಲದಾಗ ಯಾರೂ ಏನನ್ನೂ ಇಡದಂತೆ ಮಾಡುತ್ತಾರೆ. ಕಚೇರಿಯಲ್ಲಿ ಹೊಸಬರಿಗೆ ಜಾಗಪ್ಪ ಕೊಡುವ ಮೊದಲ ಉಪದೇಶವೇ ಅದು. ಮನೆಯಲ್ಲಿ ಮಾತ್ರ, 'ನಮ್ಮ ಮನೆ ತಾನೆ' ಎಂದು ಬಿಟ್ಟ.

ಆ ಪಾಸ್‌ವರ್ಡ್ ಏನೆಂದು ಅವನು ಯಾರಿಗೂ ಹೇಳಲಿಲ್ಲ. ಸದ್ಯಕ್ಕೆ ನಾನೂ ಹೇಳುವುದಿಲ್ಲ.

ಅಂದು ಸಂಜೆಯ ಫೋನಿನಲ್ಲಿ ಜಾಗಪ್ಪ ಸುದ್ದಿ ಮುಟ್ಟಿಸಿದ. "ನಿನಗೊಂದು ಜಾಗ ಮಾಡಿದ್ದೀನಿ. ನಿನ್ನ ಫೋನಿಂದಲೇ ಬರಬಹುದು. ನಾವಿಬ್ಬರು ಬಿಟ್ಟು ಬೇರೆ ಯಾರೂ ನೋಡೋ ಹಾಗಿಲ್ಲ."

"ನಾನೂನಾ?" ಎಂದರು ಅಮ್ಮ.

"ನೀನೂನು."

ಆ ಕಡೆಯಿಂದ ಅವಳು ಕೇಳಿದಳು, "ಅಲ್ಲಿ ಏನಿಡ್ಲಿ?"

"ಏನಾದ್ರೂ."

"ಏನಾದ್ರೂ ಅಂದ್ರೆ?"

"ಮನಸ್ಸಿಗೆ ಬಂದಿದ್ದು" ಎಂದ ಜಾಗಪ್ಪ. ಅವನ ಕಿವಿ ಕೆಂಪಾದದ್ದನ್ನು ಮಗಳು ಅಜ್ಜಿಗೆ ತೋರಿಸಿದಳು.

"ಸರಿ, ನೋಡೋಣ" ಎಂದಳು ಅವಳು. ಆ ದನಿಯಲ್ಲಿ ನಗುವಿತ್ತು ಎಂದು ಅವನಿಗನ್ನಿಸಿತು. ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಮಾರನೆಯ ಸಂಜೆ ಜಾಗಪ್ಪ ಬೂಟು ಬಿಚ್ಚುವ ಮೊದಲೇ ಸರ್ವರಿನ ಮುಂದೆ ಕೂತ. ಬೀಗ ಬಿದ್ದಿತ್ತು, ಅಂದರೆ ಹಗಲಲ್ಲಿ ಯಂತ್ರ ಆರಿ ಹತ್ತಿದೆ. "ಇವತ್ತು ಕರೆಂಟ್ ಹೋಗಿತ್ತಾ ಅಮ್ಮಾ?" ಎಂದ.

"ಹೋಗತ್ತೆ, ಬರತ್ತೆ. ಅದಕ್ಕೇನು ಹೇಳೋರು ಕೇಳೋರು ಇದ್ದಾರಾ?" ಎಂದರು ಅಮ್ಮ, ಸೂಜಿಗೆ ದಾರ ಪೋಣಿಸುತ್ತ.

ಅವನು ಪಾಸ್‌ವರ್ಡ್ ಒತ್ತಿದ, ಪೆಟ್ಟಿಗೆ ಬಂದು ಗೂಡಿನಲ್ಲಿ ಕೂತಿತು. ತೆರೆದು ನೋಡಿದ. ಖಾಲಿ.

ಮೊದಲ ದಿನ ತಾನೆ, ಕೆಲಸದ ಗಡಿಬಿಡಿ ಇರುತ್ತದೆ ಎಂದುಕೊಂಡ. ಎರಡನೆಯ ದಿನವೂ ಕರೆಂಟ್ ಹೋಗಿತ್ತು, ಪಾಸ್‌ವರ್ಡ್ ಒತ್ತಿದ, ಖಾಲಿ. ಹೀಗೇ ಸಾಗಿತು. ದಿನಾ ಬೀಗ, ದಿನಾ ಖಾಲಿ. ವಿದ್ಯುತ್ ಇಲಾಖೆಯವರಿಗೆ ಅವನು ಬಯ್ದ ಬೈಗುಳವನ್ನೆಲ್ಲ ಕೂಡಿಟ್ಟಿದ್ದರೆ ಅದಕ್ಕೇ ಒಂದು ವಾಲ್ಯೂಮ್ ಬೇಕಾಗುತ್ತಿತ್ತು. ಅಷ್ಟು ದೊಡ್ಡ ಜಾಗ ಮಾಡಿಟ್ಟು ಕಾಯುತ್ತಿದ್ದೇನೆ, ಒಂದು ಚುಕ್ಕೆಯನ್ನಾದರೂ ಇಡಬಾರದೇ ಇವಳು ಎಂದು ಅವನಿಗೆ ಸಂಕಟವಾಗುತ್ತಿತ್ತು. ಕೇಳಿಬಿಡೋಣವೆಂದರೆ, ಕೇಳಿಸಿಕೊಂಡು ಇಟ್ಟರೆ ಅದರಲ್ಲೇನು ಬಂತು?

ಪಾಪ, ನಾಚಿಕೆ ಇರಬಹುದು, ನಾನೇ ಶುರು ಮಾಡೋಣ ಎಂದು ಒಂದು ಸಂಜೆ ಪಾತ್ರೆ ತೊಳೆಯುವ ನೆಪದಲ್ಲಿ ಅಡುಗೆಮನೆ ಸೇರಿದ. ಸದ್ದಿಗೆ ನಲ್ಲಿ ಬಿಟ್ಟು ಫೋನಿಗೆ ಬಾಯಿ ಹಚ್ಚಿ ಧ್ವನಿಮುದ್ರಣಕ್ಕೆ ತೊಡಗಿದ. ಮೊದಲನೆಯದರಲ್ಲಿ 'ಹಲೋ ಹಲೋ' ಬಿಟ್ಟರೆ ಬೇರೇನಿಲ್ಲ. ಎರಡನೆಯದರಲ್ಲಿ ಧೈರ್ಯ ಬಂತು. "ನೀನು ಹಾಕಿದ ಅಡುಗೆಮನೆ ಪರದೆ ಬಣ್ಣ ಬಿಟ್ಟಿದೆ. ಅದಕ್ಕೀಗ ಯಾವ ಬಣ್ಣ ಅನ್ಬೇಕೋ ನನಗೆ ಗೊತ್ತಾಗ್ತಿಲ್ಲ. ನೀನೇ ಬಂದು ಹೇಳ್ಬೇಕು." ಬರಬರುತ್ತ ಚಳಿ ಬಿಟ್ಟುಹೋಗಿ, ಮದುವೆಯಾದ ಹೊಸತರಲ್ಲಿ ಹಾಡಿದ ಒಂದು ಹಾಡನ್ನೂ ಹಾಡಿದ, ಅರ್ಧಕ್ಕೆ ಸಾಲು ಮರೆತು ಉಳಿದದ್ದನ್ನು ಗುನುಗಿದ. ಪಾತ್ರೆಗಳು ಕನ್ನಡಿಯಂತೆ ಹೊಳೆದವು. ಒಂದೊಂದು ಮುದ್ರಣವನ್ನೂ ಒಯ್ದು ಹೆಂಡತಿಯ ಪೆಟ್ಟಿಗೆಯಲ್ಲಿಟ್ಟು ಮಲಗುತ್ತಿದ್ದ. ಮರುದಿನ ಸಂಜೆ ನೋಡಿದರೆ ಅವನು ಇಟ್ಟದ್ದು ಇಟ್ಟ ಹಾಗೇ ಇರುತ್ತಿತ್ತು. ಮುಟ್ಟಿದ ಗುರುತೂ ಇಲ್ಲ.

ಸ್ಪೀಕರ್ ಫೋನಿನ ಎದುರು ಹೇಗೆ ಕೇಳುವುದು? ಸುತ್ತುಬಳಸಿ ಕೇಳಿದ. "ಆ ಜಾಗ... ಸಾಕಾಗ್ತಿದ್ಯಾ?"

"ಬೇಕಾದಷ್ಟಿದೆ" ಎಂದಳು.

ಇರದೆ ಏನು, ಒಂದು ಕಡ್ಡಿ ಇಟ್ಟಿಲ್ಲವಲ್ಲ ಎಂದು ಅವನು ಮನಸ್ಸಿನಲ್ಲೇ ಹಲ್ಲು ಕಡಿದ.

ಇನ್ನೊಂದು ದಿನ ಅವಳೇ ಕೇಳಿದಳು. "ನಿಮ್ಮ ಕಿವಿ ಚೆನ್ನಾಗಿದೆ ತಾನೆ?"

"ಚೆನ್ನಾಗಿದೆ. ಯಾಕೆ?"

"ಏನಿಲ್ಲ. ಸುಮ್ನೆ ಕೇಳ್ದೆ."

ಅವಳ ದನಿ ದಿನದಿಂದ ದಿನಕ್ಕೆ ತಣ್ಣಗಾಗುತ್ತಿತ್ತು. ಅಲ್ಲಿ ಅವಳಿಗೆ ಹೊಸ ಊರು, ಹೊಸ ಜನ ಹಿಡಿಸಿಬಿಟ್ಟಿರಬೇಕು, ಟವೆಲ್ ಮಂಚಕ್ಕೆ ಹಾಕುವ ಗಂಡನಿಲ್ಲದ ನೆಮ್ಮದಿ ಹಿಡಿಸಿಬಿಟ್ಟಿರಬೇಕು ಎಂದುಕೊಂಡು ಜಾಗಪ್ಪ ಬಡವಾದ. ಅಮ್ಮ ಅವನ ಅಂಗಿಗಳನ್ನು ಹೇಳದೆ ಕೇಳದೆ ಪಕ್ಕದಲ್ಲಿ ಹಿಡಿದು ಹೊಲಿದರು.

ವರ್ಷ ಮುಗಿಯುತ್ತ ಬಂತು. ಒಂದು ಸಂಜೆ ಸ್ಪೀಕರಿನಿಂದ ಅವಳ ಮಾತು ಬಂತು. "ಇಲ್ಲೇ ಇನ್ನೊಂದು ವರ್ಷ ಇರ್ತೀರಾ, ವಾಪಸ್ ಹೋಗ್ತೀರಾ ಅಂತ ಕೇಳ್ತಿದ್ದಾರೆ. ಶುಕ್ರವಾರ ಸಂಜೆಯೊಳಗೆ ಹೇಳ್ಬೇಕಂತೆ. ಏನ್ ಹೇಳ್ಲಿ?"

ಅಮ್ಮ ಮಗನನ್ನು ನೋಡಿದರು. ಮಗಳು ಅಪ್ಪನನ್ನು ನೋಡಿದಳು. 'ಬಾ' ಎಂಬ ಒಂದೇ ಒಂದು ಅಕ್ಷರ ಜಾಗಪ್ಪನ ಹೊಟ್ಟೆಯಿಂದ ಎದೆಗೆ, ಎದೆಯಿಂದ ಗಂಟಲಿಗೆ ಏರಿ ಬಂದು, ನಾಲಿಗೆಯ ತುದಿಯಲ್ಲಿ ನಿಂತು ಸುತ್ತ ಜನರನ್ನು ನೋಡಿ ಹಿಂದಕ್ಕೆ ಓಡಿತು.

"ನಿನಗೆ ಹೇಗೆ ಅನುಕೂಲವೋ ಹಾಗ್ಮಾಡು" ಎಂದ.

ಅಮ್ಮ ಹಣೆ ಚಚ್ಚಿಕೊಂಡರು. ಆ ಕಡೆಯಿಂದ "ಸರಿ" ಎಂದು ಬಂತು, ಫೋನ್ ಕಟ್ಟಾಯಿತು.

"ನೀನು ಮನುಷ್ಯನಾ ಮರದ ತುಂಡಾ?" ಎಂದರು ಅಮ್ಮ. "ಒಂದು ಬಾ ಅನ್ನೋಕೆ ನಿನಗೇನು ರೋಗ?"

"ಅವಳಿಗೆ ಅಲ್ಲೇ ಇರೋಕೆ ಇಷ್ಟ ಇದ್ರೆ?"

"ಇಷ್ಟ ಇದ್ದೋಳು ನಿನ್ನ ಯಾಕೋ ಕೇಳ್ತಾಳೆ?"

ಜಾಗಪ್ಪ ಎದ್ದು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟ. ತೊಳೆಯಲು ಪಾತ್ರೆಯೇ ಇರಲಿಲ್ಲ. ಫೋನಿಗೆ ಹೇಳಿದ, "ಬಾ. ಅನುಕೂಲ ಗಿನುಕೂಲ ಏನೂ ಬೇಡ, ಬಂದುಬಿಡು. ಮನೇಲಿ ಎಲ್ಲಾ ಇದೆ, ನೀನಿಲ್ಲ. ಎಷ್ಟು ದಿನಾಂತ ನಾನೊಬ್ನೇ ಟವೆಲ್ ಎತ್ತಿಡ್ಲಿ?" ಅದನ್ನು ಪೆಟ್ಟಿಗೆಯಲ್ಲಿಟ್ಟು ದೊಡ್ಡ ಉಸಿರು ಬಿಟ್ಟ. ಈ ಸಲ ಕೇಳಿಯೇ ಕೇಳುತ್ತಾಳೆ, ಕೇಳಿದರೆ ಸುಮ್ಮನಿರಲಾರಳು ಎಂದು ಮರುದಿನ ಸಂಜೆಗೆ ಕಾದ. ಏನೂ ಇಲ್ಲ. ಗುರುವಾರವೂ ಏನೂ ಇಲ್ಲ.

ಶುಕ್ರವಾರ ಮಧ್ಯಾಹ್ನ ಕಚೇರಿಗೆ ಮಗಳ ಫೋನ್ ಬಂತು. ಅವಳಿಗೆ ಅಂದು ಕಾಲೇಜಿಗೆ ರಜೆ.

"ಅಪ್ಪಾ, ನಿನ್ನ ಸರ್ವರ್ ಕೈಕೊಡ್ತು. ನನ್ನ ಚಿತ್ರ ಉಳಿಸಿಕೊಳ್ತಿಲ್ಲ. ಜಾಗ ಇಲ್ಲ ಅಂತಿದೆ."

ಜಾಗಪ್ಪನ ಮನೆಯಲ್ಲಿ ಜಾಗವಿಲ್ಲ. ಪಕ್ಕದ ಮೇಜಿನವನಿಗೆ ಇದು ಕೇಳಿಸಿತೋ ಏನೋ ಎಂದು ಆಚೀಚೆ ನೋಡಿ, ತಲೆನೋವು ಎಂದು ಅರ್ಧ ದಿನ ರಜೆ ಹಾಕಿ ಓಡಿದ. ಕೆಲಸದ ದಿನ ಅಷ್ಟು ಹೊತ್ತಿಗೆ ಅವನು ಮನೆ ಸೇರಿದ್ದು ಸರ್ವರ್ ಬಂದ ಮೇಲೆ ಅದೇ ಮೊದಲು.

ಬಂದವನೇ ಕೂತು ನೋಡಿದ. ಯಂತ್ರ ತನ್ನ ಸ್ವಂತಕ್ಕೆಂದು ಇಟ್ಟುಕೊಂಡ ಪುಟ್ಟ ಡಿಸ್ಕೊಂದಿರುತ್ತದೆ. ಅದು ತುಂಬಿದರೆ ಯಾರ ಕೆಲಸವೂ ನಡೆಯದು. ಅದು ಅಂಚಿನವರೆಗೆ ತುಂಬಿತ್ತು. ಯಾರು ತುಂಬಿದ್ದು? ಒಂದೊಂದೇ ಫೋಲ್ಡರ್ ತೆರೆಯುತ್ತ ಹೋದ. ಮಗಳದು ಅವಳ ಪಾಲಿನಲ್ಲಿದೆ, ಸರಿ. ಅಮ್ಮನದು ಖಾಲಿ, ಸರಿ. ಬೀಗ ಬಿದ್ದಿದೆ, ಹೆಂಡತಿಯ ಪೆಟ್ಟಿಗೆ ಇನ್ನೂ ಹೊರಗೇ ಇದೆ, ಅಲ್ಲೇನಿರುತ್ತದೆ ಮಣ್ಣು ಎಂದುಕೊಂಡೇ ಅವಳ ಗೂಡನ್ನು ತೆರೆದ.

ಗೂಡು ತುಂಬಿ ತುಳುಕುತ್ತಿತ್ತು. ಮೇಲಿಂದ ಕೆಳಗೆ ಸಾಲುಸಾಲಾಗಿ ಅವಳ ವಿಡಿಯೋಗಳು. ಜಾಗಪ್ಪ ತಲೆಯ ಮೇಲೆ ಕೈಹೊತ್ತು, "ಅಮ್ಮಾ" ಎಂದ. "ದಿನಾ ಕರೆಂಟ್ ಹೋಗತ್ತೆ ಅಂದ್ಯಲ್ಲ. ನಿಜವಾಗ್ಲೂ ಹೋಗತ್ತಾ?"

"ನಾನೆಲ್ಲಿ ದಿನಾ ಹೋಗತ್ತೆ ಅಂದೆ? ಹೋಗತ್ತೆ ಬರತ್ತೆ ಅಂದೆ." ಅಮ್ಮ ಕನ್ನಡಕ ಮೂಗಿಗಿಳಿಸಿದರು. "ಇರೋದೊಂದು ಪ್ಲಗ್ಗು. ನೀನು ಆಫೀಸಿಗೆ ಹೋದ ಮೇಲೆ ನಿನ್ನ ಗೊರಕೆ ಪೆಟ್ಟಿಗೆದು ಕಿತ್ತು ನನ್ನ ಮಿಷನ್ ಹಾಕ್ಕೋತೀನಿ. ಹೊಲಿಗೆ ಮುಗಿದ ಮೇಲೆ ಮತ್ತೆ ಚುಚ್ಚಿಡ್ತೀನಿ. ಒಂದು ದಿನ ಮರೆತಿದ್ರೆ ಕೇಳು."

ಅಲ್ಲಿಗೆ ಎಲ್ಲ ಬಿಡಿಸಿಕೊಂಡಿತು. ಅಮ್ಮ ಕಿತ್ತು ಚುಚ್ಚುವುದು ಬೆಳಗ್ಗೆ. ಹೆಂಡತಿ ಊಟದ ಬಿಡುವಿನಲ್ಲಿ ಬಂದು ಇಡುವುದು ಮಧ್ಯಾಹ್ನ, ಪೆಟ್ಟಿಗೆ ಇಲ್ಲದ ಬರೀ ಗೂಡಿನಲ್ಲಿ, ಅಂದರೆ ಯಂತ್ರದ ಸ್ವಂತ ಪುಟ್ಟ ಡಿಸ್ಕಿನಲ್ಲಿ. ಸಂಜೆ ಇವನು ಬಂದು ಪೆಟ್ಟಿಗೆ ತಳ್ಳಿ ಅದನ್ನೆಲ್ಲ ಮುಚ್ಚಿ, ಪೆಟ್ಟಿಗೆ ಖಾಲಿ ಎಂದು ಗೋಳಾಡಿ, ಅದರೊಳಗೆ ತನ್ನ ಹಾಡು ಇಡುವುದು. ಬೆಳಗ್ಗೆ ಅಮ್ಮ ಪ್ಲಗ್ ಕಿತ್ತು ಆ ಪೆಟ್ಟಿಗೆಯನ್ನೇ ಹೊರಹಾಕುವುದು. (ಭಾನುವಾರ ಇವನು ಮನೆಯಲ್ಲೇ, ಆದರೆ ಅಂದು ಗಿರಣಿಗೂ ರಜೆ, ಅವಳ ಮಧ್ಯಾಹ್ನದ ವಿಡಿಯೋಕ್ಕೂ ರಜೆ.) ಒಂದೇ ಜಾಗದಲ್ಲಿ ಗಂಡ ಹೆಂಡತಿ ತಿಂಗಳುಗಟ್ಟಲೆ ಮನಸ್ಸು ಬಿಚ್ಚಿ ಮಾತಾಡಿದ್ದಾರೆ, ಒಬ್ಬರದು ಒಬ್ಬರಿಗೆ ಕೇಳಿಲ್ಲ.

ಮೊದಲನೆಯದನ್ನು ಒತ್ತಿದ. ಇಯರ್‌ಫೋನ್ ಹಾಕಿಕೊಳ್ಳಬೇಕೆಂಬುದು ಹೊಳೆಯಲೇ ಇಲ್ಲ. ಗಿರಣಿಯ ಹಿಂದಿನ ಮೆಟ್ಟಿಲ ಮೇಲೆ ಕೂತ ಅವಳ ಮುಖ ಕಂಡಿತು. "ರೀ, ಕೇಳಿಸ್ತಿದ್ಯಾ? ಇಲ್ಲಿ ಯಾರೂ ಇಲ್ಲ, ಅದಕ್ಕೇ ಬಂದೆ. ಮನಸ್ಸಿಗೆ ಬಂದಿದ್ದು ಹೇಳು ಅಂದ್ರಲ್ಲ." ಒಂದು ತುಂಡು ಬಟ್ಟೆ ಎತ್ತಿ ತೋರಿಸಿದಳು. "ಇದು ನೋಡಿ, ಇವತ್ತು ಬಂದ ಬಣ್ಣ. ನಮ್ಮ ಅಡುಗೆಮನೆ ಪರದೆ ಹೊಸದರಲ್ಲಿ ಹೀಗೇ ಇತ್ತು. ನೋಡಿ ಅಳು ಬಂತು, ಎಲ್ಲರೂ ಬಣ್ಣದ ಘಾಟು ಅಂದ್ಕೊಂಡ್ರು."

ಮಗಳು ಬಂದು ಅಪ್ಪನ ಬೆನ್ನ ಹಿಂದೆ ನಿಂತಳು. ಅಮ್ಮ ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟರು. ಜಾಗಪ್ಪ ಒಂದಾದ ಮೇಲೊಂದು ಒತ್ತಿದ. ಬರಬರುತ್ತ ಸಿಹಿ ಕಡಿಮೆಯಾಗಿ ಖಾರ ಏರಿತು. "ನೀವೂ ಏನಾದ್ರೂ ಇಡ್ತೀರೇನೋ ಅಂತ ದಿನಾ ನೋಡ್ತೀನಿ." "ಇಷ್ಟು ಹೇಳ್ತಿದ್ದೀನಿ, ಹೂಂ ಅಂತಲೂ ಇಲ್ಲ, ಊಹೂಂ ಅಂತಲೂ ಇಲ್ಲ. ಗೋಡೆಗೆ ಹೇಳಿದ್ರೆ ಸುಣ್ಣನಾದ್ರೂ ಉದುರ್ತಿತ್ತು." "ಅನುಕೂಲವಂತೆ ಅನುಕೂಲ. ನಿಮ್ಮ ಅನುಕೂಲಕ್ಕಿಷ್ಟು ಬೆಂಕಿ ಹಾಕ." ಇದನ್ನು ಕೇಳುವಾಗ ಜಾಗಪ್ಪನ ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಮುಖ ನಗುತ್ತಿತ್ತು. ಎಷ್ಟು ದಿನವಾಗಿತ್ತು ಅವಳು ಬಯ್ದು.

ಕೊನೆಯದು ಅಂದಿನದೇ, ಸ್ವಲ್ಪ ಹೊತ್ತಿಗೆ ಮುಂಚಿನದು. ಅವಳ ಮುಖದಲ್ಲಿ ಸಿಟ್ಟೂ ಇರಲಿಲ್ಲ. "ಇವತ್ತು ಸಂಜೆ ಅವರಿಗೆ ಹೇಳ್ಬೇಕು. ನಾನು ನಿರ್ಧಾರ ಮಾಡಿದ್ದೀನಿ. ಏನು ಹೇಳ್ತೀನಿ ಅಂದ್ರೆ, ನಾನು" ಎನ್ನುವಷ್ಟರಲ್ಲಿ ಚಿತ್ರ ನಿಂತಿತು. ಅಲ್ಲಿಗೆ ಡಿಸ್ಕು ತುಂಬಿತ್ತು.

"ನಾನು ಏನು?" ಎಂದರು ಅಮ್ಮ.

"ಜಾಗ ಮುಗೀತು" ಎಂದ ಜಾಗಪ್ಪ, ಅಳುವ ದನಿಯಲ್ಲಿ.

ಅವಳ ಫೋನಿಗೆ ಹಚ್ಚಿದ. ಬಿಡುವು ಮುಗಿದಿತ್ತು, ಬಣ್ಣದ ಕೋಣೆಗೆ ಹೋಗುವವರು ಫೋನನ್ನು ಹೊರಗೇ ಇಟ್ಟು ಹೋಗಬೇಕು. ರಿಂಗಾಗಿ ರಿಂಗಾಗಿ ನಿಂತಿತು. ಮಗಳು ಗಿರಣಿಯ ಕಚೇರಿಯ ನಂಬರ್ ಹುಡುಕಿ ಕೊಟ್ಟಳು. ಎತ್ತಿದವಳು ಅಲ್ಲಿನ ಟೆಲಿಫೋನ್ ಆಪರೇಟರ್. ಬಣ್ಣದ ವಿಭಾಗದ ಮೇಡಂ ಬೇಕಿತ್ತು ಎಂದ. ಕೆಲಸದ ಮಧ್ಯೆ ಯಾರನ್ನೂ ಕರೆಯುವಂತಿಲ್ಲ, ಏನಿದ್ದರೂ ಹೇಳಿ, ತಲುಪಿಸುತ್ತೇವೆ ಎಂದಳು.

"ಅದು ಸ್ವಲ್ಪ ಖಾಸಗಿ" ಎಂದ ಜಾಗಪ್ಪ.

"ಹಾಗಾದ್ರೆ ಸಂಜೆ ಮಾಡಿ ಸಾರ್."

"ಸಂಜೆ ಆಗಲ್ಲ, ಸಂಜೆಯೊಳಗೆ ಆಗ್ಬೇಕು." ಅಮ್ಮ ಬೆನ್ನಿಗೊಂದು ಗುದ್ದು ಕೊಟ್ಟರು. ಜಾಗಪ್ಪ ಕಣ್ಣುಮುಚ್ಚಿದ. "ಬಾ ಅಂತ ಹೇಳಿ."

"ಬಾ. ಮುಂದೆ?"

"ಅಷ್ಟೇ."

"ಅಷ್ಟೇನಾ ಸಾರ್? ಯಾರು ಹೇಳಿದ್ದು ಅನ್ಲಿ?"

"ಗಂಡ."

"ಸರಿ, ಈಗ್ಲೇ ಹೇಳಿಸ್ತೀನಿ" ಎಂದಳು ಅವಳು. ಹೇಗೆ ಹೇಳಿಸುತ್ತಾಳೆ ಎಂಬುದು ಜಾಗಪ್ಪನಿಗೆ ತಿಳಿದದ್ದು ಸಂಜೆ ಹೆಂಡತಿಯ ಫೋನ್ ಬಂದಾಗ. ಅಂದು ಮೊದಲು ಬಾಯಿ ತೆರೆದವಳು ಅವಳೇ.

"ಮೈಕಲ್ಲಿ ಹೇಳಿದ್ರು ರೀ. ಇಡೀ ಗಿರಣಿಗೆ. 'ಬಣ್ಣದ ವಿಭಾಗದ ಮೇಡಮ್ಮಿಗೆ ಗಂಡನಿಂದ ಸಂದೇಶ, ಬಾ.' ಯಂತ್ರದ ಸದ್ದಲ್ಲಿ ಕೆಲವರಿಗೆ ಕೇಳಿಸಲಿಲ್ಲ ಅಂತ ಮತ್ತೊಂದ್ಸಲ ಹೇಳಿದ್ರು. ನೂಲೋ ಕಡೆಯವರು ಚಪ್ಪಾಳೆ ಹೊಡೆದ್ರು. ಗೇಟಿನ ಕಾವಲುಗಾರ ಕೂಡ, 'ಹೋಗಿಬಿಡಿ ಮೇಡಂ, ಪಾಪ' ಅಂದ."

"ನೀನೇನಂದೆ?" ಎಂದ ಜಾಗಪ್ಪ.

"ಏನನ್ನಲಿ? ನೀವು ಬಾಯಿ ಬಿಡದಿದ್ರೂ ಬಂದೇ ಬರ್ತೀನಿ, ಬಂದು ಕಿವಿ ಹಿಂಡ್ತೀನಿ ಅಂತ ಮಧ್ಯಾಹ್ನವೇ ಹೇಳಿಟ್ಟ ನೆನಪು. ಕೇಳಲಿಲ್ವಾ?"

ಅಮ್ಮನೇ ಪ್ಲಗ್ಗಿನ ಕಥೆಯನ್ನು ಹೇಳಿ ಮುಗಿಸಿದರು, ತಪ್ಪೆಲ್ಲ ಮಗನ ತಲೆಗೆ ಕಟ್ಟಿ.

ಅವಳು ಬಂದಳು. ಚೀಲ ಇಳಿಸಿ, ಕೈಕಾಲು ತೊಳೆದು, ಮಂಚದ ಮೇಲಿನ ಒದ್ದೆ ಟವೆಲ್ ಎತ್ತಿ ಗಂಡನ ಹೆಗಲಿಗೆ ಹಾಕಿ, ನೇರ ಸರ್ವರಿನ ಮುಂದೆ ಕೂತಳು. "ಎಲ್ಲಿ, ನೀವು ಇಟ್ಟಿದ್ದು ತೋರಿಸಿ."

ಅಂದೂ ಅಮ್ಮ ಹೊಲಿದಿದ್ದರು, ಬೀಗ ಬಿದ್ದಿತ್ತು. ಜಾಗಪ್ಪ ಎಲ್ಲರನ್ನೂ ಸ್ವಲ್ಪ ಆಚೆ ಹೋಗಿ ಎಂದ. ಯಾರೂ ಅಲ್ಲಾಡಲಿಲ್ಲ. ಒತ್ತಿದ ಅಕ್ಷರ ಪರದೆಯ ಮೇಲೆ ಕಾಣದಲ್ಲ ಎಂಬ ಧೈರ್ಯದಲ್ಲಿ ಕೀಲಿಮಣೆಗೆ ಕೈಹಾಕಿದ. ಹೆಂಡತಿ ಕೈ ಹಿಡಿದಳು. "ನನ್ನ ಜಾಗದ ಪಾಸ್‌ವರ್ಡ್ ನನಗೆ ಗೊತ್ತಿರ್ಬೇಡ್ವಾ? ಬಾಯಲ್ಲಿ ಹೇಳಿ."

"ಆಮೇಲೆ ಹೇಳ್ತೀನಿ."

"ಈಗ್ಲೇ."

ಜಾಗಪ್ಪ ನೆಲ ನೋಡುತ್ತ ಹೇಳಿದ. "ಯಾವಾಗ ಬರ್ತೀಯ."

ಅದೇ ಪಾಸ್‌ವರ್ಡ್. ಇಷ್ಟು ದಿನ ಪ್ರತಿ ಸಂಜೆ ಬೂಟು ಬಿಚ್ಚದೆ ಅವನು ಆ ಯಂತ್ರವನ್ನು ಕೇಳಿಕೊಂಡು ಬಂದದ್ದು ಅದನ್ನೇ. ಮಗಳು ನಗಲು ಹೋದವಳು ನಗಲಿಲ್ಲ. "ಇಷ್ಟು ಕೇಳೋಕೆ ಇಷ್ಟು ದೊಡ್ಡ ಡಬ್ಬ ಬೇಕಿತ್ತೇನೋ?" ಎಂದು ಅಮ್ಮ ಮೂಗು ಒರೆಸಿಕೊಂಡರು. ಹೆಂಡತಿ ಅವನನ್ನೇ ಸ್ವಲ್ಪ ಹೊತ್ತು ನೋಡಿ, "ಬಂದೆನಲ್ಲ. ಇನ್ನು ಇದು ಬೇಡ, ಬದಲಾಯಿಸೋಣ" ಎಂದಳು. ಬದಲಾಯಿಸುವುದು ಹೇಗೆಂದು ಅವನಿಂದಲೇ ಕಲಿತು, ಅವನನ್ನು ಆಚೆ ತಿರುಗಿಸಿ ಕೂರಿಸಿ, ತಾನೇ ಹೊಸದೊಂದನ್ನು ಒತ್ತಿದಳು. ಏನೆಂದು ಹೇಳಲಿಲ್ಲ. ಇವತ್ತಿಗೂ ಹೇಳಿಲ್ಲ.

ಕಿಟಕಿಯ ಹತ್ತಿರ ಇನ್ನೊಂದು ಪ್ಲಗ್ ಹಾಕಿಸಬಹುದಿತ್ತು. ಎಲೆಕ್ಟ್ರಿಷಿಯನ್ ಬಂದಿದ್ದ ಕೂಡ. ಅತ್ತೆ ಸೊಸೆ ಸೇರಿ ಬೇಡವೆಂದು ವಾಪಸು ಕಳಿಸಿದರು. ಹಾಗಾಗಿ ಅಮ್ಮ ಈಗಲೂ ದಿನಾ ಬೆಳಗ್ಗೆ ಪ್ಲಗ್ ಕೀಳುತ್ತಾರೆ, ದಿನಾ ಬೀಗ ಬೀಳುತ್ತದೆ, ಅದನ್ನು ತೆಗೆಯುವುದು ಹೆಂಡತಿಯೊಬ್ಬಳಿಗೇ ಗೊತ್ತು. ಜಾಗಪ್ಪನಿಗೆ ಅವಳ ಬೈಗುಳವನ್ನು ಮತ್ತೆ ಕೇಳುವ ಹುಚ್ಚು. ಗೂಡಿನಲ್ಲಿದ್ದ ಅವಳ ವಿಡಿಯೋಗಳನ್ನೆಲ್ಲ ಅವನೇ ಜೋಪಾನವಾಗಿ ಪೆಟ್ಟಿಗೆಗೆ ಸಾಗಿಸಿಟ್ಟಿದ್ದಾನೆ. ಸಂಜೆಯಾದರೆ ಸರ್ವರಿನ ಮುಂದೆ ಕೂತು, ಅಮ್ಮನ ಎದುರು, ಮಗಳ ಎದುರು, ಮೆಟ್ಟಿಲ ಮೇಲೆ ಚಪ್ಪಲಿ ಹುಡುಕುವ ಮೇಷ್ಟ್ರ ಕಿವಿಗೂ ಬೀಳುವಂತೆ ಅವನು ಕೂಗಬೇಕು.

"ಸ್ವಲ್ಪ ಬಾ ಇಲ್ಲಿ."

"ಕೇಳಿಸಲಿಲ್ಲ" ಎನ್ನುತ್ತಾಳೆ ಅವಳು ಅಡುಗೆಮನೆಯಿಂದ, ನಲ್ಲಿ ನಿಲ್ಲಿಸಿ.

ಅವನು ಇನ್ನೊಂದು ಸಲ ಕರೆಯುತ್ತಾನೆ.